ಹಾಲವ್ವ ಕೇಸ್ ಪೇಪರ್ ಮಾಡಿಸಿದ ದಿನ

ಮುಂಬಯಿಯ ಬೈಕುಲ್ಲಾದ ಮುನಿಸಿಪಾಲ್ಟಿ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದ ಹಾಲವ್ವ ಮೊದಲ ಎರಡು ವರ್ಷ ಹೆರಿಗೆ ವಾರ್ಡಿನಲ್ಲಿದ್ದಳು. ೧೯೬೮ರ ದೀಪಾವಳಿ ಮುಗಿದ ಮೇಲೆ ಅವಳನ್ನು ಹೊರರೋಗಿಗಳ ಕಟ್ಟಡದ ಮೊದಲ ಮಹಡಿಗೆ, ಮನಸ್ಸಿನ ಕಾಯಿಲೆಯ ವಿಭಾಗದ ಬಾಗಿಲಿಗೆ ಹಾಕಿದರು. ಹೆರಿಗೆ ವಾರ್ಡಿನ ಗೆಳತಿಯರು ಅಯ್ಯೋ ಪಾಪ ಎಂದರು. ಅಲ್ಲಿಗೆ ಬರುವವರು ಕಚ್ಚುತ್ತಾರೆ, ಸೀರೆ ಎಳೆಯುತ್ತಾರೆ ಎಂದು ಹೆದರಿಸಿದರು. ಹಾಲವ್ವ ಹಣೆಗೆ ಕುಂಕುಮವನ್ನು ಸ್ವಲ್ಪ ದೊಡ್ಡದಾಗಿಯೇ ಇಟ್ಟುಕೊಂಡು ಹೋದಳು.

ಯಾರೂ ಕಚ್ಚಲಿಲ್ಲ. ಬಂದವರೆಲ್ಲ ಲೋಕಲ್ ರೈಲು ಹತ್ತಿ ಬಂದ ಸಾಧಾರಣ ಜನ. ಗಿರಣಿಯಲ್ಲಿ ದುಡಿಯುವವರು, ಶಾಲೆಯಲ್ಲಿ ಕಲಿಸುವವರು, ಟಿಫಿನ್ ಡಬ್ಬಿ ಹಿಡಿದ ಗುಮಾಸ್ತರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಸೊಸೆಯಂದಿರು. ವಿಚಿತ್ರವೆಂದರೆ ಅವರು ಬಂದದ್ದು ಇಲ್ಲಿಗೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಉದ್ದನೆಯ ಓಣಿಯಲ್ಲಿ ಮೊದಲು ಚರ್ಮದ ವಿಭಾಗ, ಆಮೇಲೆ ಕಣ್ಣಿನ ವಿಭಾಗ, ಕೊನೆಗೆ ಹಾಲವ್ವ ನಿಲ್ಲುವ ಬಾಗಿಲು. ಅವಳ ಬಾಗಿಲ ಮುಂದಿನ ಬೆಂಚು ಸದಾ ಖಾಲಿ. ಕಣ್ಣಿನ ವಿಭಾಗದ ಬೆಂಚಿನಲ್ಲಿ ಕೂಡಲು ಜಾಗವಿಲ್ಲ. ಅಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಜನರ ಕಣ್ಣು ಚೆನ್ನಾಗಿಯೇ ಇತ್ತು, ಅವರು ಕಾಯುತ್ತಿದ್ದದ್ದು ಹಾಲವ್ವನ ಬಾಗಿಲಿಗೆ.

ಕೆಲವರು ಕೆಳಗಿನ ಕಿಟಕಿಯಲ್ಲಿ ಮಾಡಿಸುವ ಕೇಸ್ ಪೇಪರಿನ, ಅಂದರೆ ರೋಗಿಯ ಚೀಟಿಯ ಮೇಲೆ ಸುಳ್ಳು ಹೆಸರು ಬರೆಸುತ್ತಿದ್ದರು. ಒಮ್ಮೆ ಹಾಲವ್ವ ಬಾಗಿಲಲ್ಲಿ ನಿಂತು ಶಂಕ್ರೆಪ್ಪ, ಶಂಕ್ರೆಪ್ಪ ಎಂದು ಐದಾರು ಸಲ ಕೂಗಿದಳು. ಯಾರೂ ಏಳಲಿಲ್ಲ. ಎದುರಿಗೇ ಕುಳಿತಿದ್ದ ಮನುಷ್ಯ ತಾನು ಶಂಕ್ರೆಪ್ಪ ಎಂದು ಬರೆಸಿದ್ದನ್ನೇ ಮರೆತುಬಿಟ್ಟಿದ್ದ. ಅಂದಿನಿಂದ ಹಾಲವ್ವ ಕೂಗುವುದನ್ನು ಬಿಟ್ಟಳು. ಯಾರ ಸರದಿ ಬಂದಿದೆಯೋ ಅವರ ಹತ್ತಿರ ಹೋಗಿ, ಬಗ್ಗಿ, ಭುಜ ಮುಟ್ಟಿ, "ಬರ್ರಿ" ಎನ್ನುತ್ತಿದ್ದಳು. ಅವರು ಕಣ್ಣಿನ ಬೆಂಚಿನಿಂದ ಎದ್ದು ಅವಳ ಬಾಗಿಲವರೆಗೆ ನಡೆಯಬೇಕಾದದ್ದು ಹದಿಮೂರು ಹೆಜ್ಜೆ. ಆ ಹದಿಮೂರು ಹೆಜ್ಜೆಯಲ್ಲಿ ದೊಡ್ಡ ದೊಡ್ಡ ಗಂಡಸರ ಅಂಗಿ ಬೆವರಿನಲ್ಲಿ ತೊಯ್ದು ಹೋಗುವುದನ್ನು ಅವಳು ಕಂಡಿದ್ದಳು.

ಹಾಲವ್ವ ವಿಜಾಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆಯವಳು. ಗಂಡ ಮರೆಪ್ಪ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಕೈಗಾಡಿ ಎಳೆಯುತ್ತಿದ್ದ. ಚಾಳಿನ ಎರಡನೇ ಮಾಳಿಗೆಯಲ್ಲಿ ಒಂದು ಖೋಲಿ, ಮರಾಠಿ ಶಾಲೆಗೆ ಹೋಗುವ ಮಗಳು ಸೇವಂತಿ, ಇಷ್ಟು ಸಂಸಾರ. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ. ನಳದ ಸಾಲಿನಲ್ಲಿ ಅಕ್ಕಪಕ್ಕದವರು ಅವಳನ್ನು ನೋಡಿ ಪುಣ್ಯವಂತೆ ಎನ್ನುತ್ತಿದ್ದರು.

ಅಂಥವಳಿಗೆ ೧೯೬೯ರ ಮಳೆಗಾಲದಲ್ಲಿ ಏನೋ ಆಯಿತು. ಏನಾಯಿತು ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ. ನಾಲ್ಕು ಗಂಟೆಗೆ, ಹಾಲಿನ ಗಾಡಿಯೂ ಬಂದಿರದ ಹೊತ್ತಿಗೆ, ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತಾಗಿ ಎಚ್ಚರವಾಗುತ್ತಿತ್ತು. ರೊಟ್ಟಿ ಬಾಯಲ್ಲಿ ಮಣ್ಣಿನಂತೆ ತಿರುಗುತ್ತಿತ್ತು. ಸೇವಂತಿ ಶಾಲೆಯಿಂದ ಬಂದು ಕುತ್ತಿಗೆಗೆ ಜೋತುಬಿದ್ದರೆ ಯಾರದೋ ಮಗು ಜೋತುಬಿದ್ದಂತಿರುತ್ತಿತ್ತು. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಹೆತ್ತ ಮಗಳ ಮೇಲೆ ಮನಸ್ಸಿಲ್ಲದವಳು ಎಂಥ ತಾಯಿ? ತನ್ನ ಹುಟ್ಟುಗುಣವೇ ಕೆಟ್ಟದ್ದು, ಇಷ್ಟು ದಿನ ಮುಚ್ಚಿಕೊಂಡಿತ್ತು, ಈಗ ಹೊರಬಿದ್ದಿದೆ ಎಂದುಕೊಂಡಳು.

ಆದರೂ ಒಂದು ದಿನ ಕೆಲಸ ತಪ್ಪಿಸಲಿಲ್ಲ. ಅಂಚಿಗೆ ನೀಲಿ ಪಟ್ಟಿಯಿದ್ದ ಬಿಳಿ ಸೀರೆ ಉಟ್ಟು, ಎಂಟಕ್ಕೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಅವಳ ಕೆಲಸ ಬಾಗಿಲಿಗೆ ಮುಗಿಯುತ್ತಿರಲಿಲ್ಲ. ಒಳಗಿದ್ದವರು ಡಾಕ್ಟರ್ ಬಾಯಿ, ಹೆಂಗಸು ಡಾಕ್ಟರನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ಅವರಿಗೆ ಹಿಂದಿ, ಮರಾಠಿ, ಇಂಗ್ಲಿಷ್ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಕಲಬುರ್ಗಿ, ವಿಜಾಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಬಂದರೆ ಡಾಕ್ಟರ್ ಬಾಯಿ ಹಾಲವ್ವನನ್ನು ಒಳಗೆ ಕರೆಯುತ್ತಿದ್ದರು. ಬಾಯಿ ಹಿಂದಿಯಲ್ಲಿ ಕೇಳಿದ್ದನ್ನು ಹಾಲವ್ವ ತನ್ನ ಮಾತಿನಲ್ಲಿ ಕೇಳಬೇಕು.

"ಬೆಳಗಾಗೂಕಿಂತ ಮೊದಲ ಎಚ್ಚರ ಆಗ್ತದೇನವ್ವಾ?"

"ಹೂಂನ್ರಿ."

"ಉಂಡದ್ದು ರುಚಿ ಹತ್ತತೈತೇನು?"

"ಇಲ್ಲರಿ."

"ಮಕ್ಕಳನ್ನ ಎತ್ಕೊಂಡ್ರ ಏನರ ಅನಸ್ತೈತಿ?"

ಎದುರಿಗಿದ್ದವಳು ತಲೆ ತಗ್ಗಿಸಿ ಅಳುತ್ತಿದ್ದಳು. ಹಾಲವ್ವ ಡಾಕ್ಟರ್ ಬಾಯಿಯ ಕಡೆ ತಿರುಗಿ, "ಕುಛ್ ನಹೀ ಲಗತಾ, ಬಾಯಿ", ಏನೂ ಅನ್ನಿಸುವುದಿಲ್ಲವಂತೆ, ಎನ್ನುತ್ತಿದ್ದಳು. ಪ್ರತಿ ಪ್ರಶ್ನೆಗೂ ಅವಳ ಒಳಗೇ ಒಂದು ಉತ್ತರ ಏಳುತ್ತಿತ್ತು. ಹೌದು. ನನಗೂ. ನನಗೂ ಹಂಗ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಬುಧವಾರ, ಮೂರು ವರ್ಷ ಅವಳು ಡಾಕ್ಟರ್ ಬಾಯಿಯ ಮಗ್ಗುಲಲ್ಲೇ ನಿಂತು ತನ್ನ ರೋಗದ ಪ್ರಶ್ನೆಗಳನ್ನು ತನ್ನ ಬಾಯಿಂದಲೇ ಬೇರೆಯವರಿಗೆ ಕೇಳಿದಳು. ಅದೇ ಹೆಣ್ಣುಮಕ್ಕಳು ಎರಡು ತಿಂಗಳ ಮೇಲೆ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ನಗುತ್ತ ಬರುವುದನ್ನೂ ನೋಡಿದಳು. ಇದು ರೋಗ, ಇದಕ್ಕೆ ಗುಳಿಗೆ ಇದೆ ಎಂದು ಅವರಿಗೆ ತಾನೇ ಎಷ್ಟೋ ಸಲ ಹೇಳಿದ್ದಳು. ತನಗೆ ಮಾತ್ರ ಹೇಳಿಕೊಳ್ಳಲಿಲ್ಲ.

ಯಾಕೆ ಎಂದರೆ, ಕಾರಣ ಒಂದಲ್ಲ. ಅವಳ ತಾಯಿ ಬಸಲಿಂಗವ್ವ ಹಾಲವ್ವ ಏಳು ವರ್ಷದವಳಿದ್ದಾಗ ಗೋಡೆಗೆ ಮುಖ ಮಾಡಿ ಕುಳಿತವಳು ಎರಡು ಸುಗ್ಗಿ ಕಳೆದರೂ ಎದ್ದಿರಲಿಲ್ಲ. ಗಾಳಿ ಹೊಕ್ಕಿದೆ ಎಂದು ಬೇವಿನ ಬರಲಿನಿಂದ ಹೊಡೆಸಿದರು. ಆಮೇಲೆ ತವರಿನವರು ಬಂದು ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದರು. ಹಾಲವ್ವ ತಾಯಿಯನ್ನು ಮತ್ತೆ ನೋಡಲಿಲ್ಲ. ಊರಲ್ಲಿ ಅವಳನ್ನು ಹುಚ್ಚಿ ಬಸಲಿಂಗಿಯ ಮಗಳು ಎಂದೇ ಕರೆದರು. ಆ ಹೆಸರನ್ನು ಅವಳು ಸೊಲ್ಲಾಪುರದ ರೈಲು ಹತ್ತಿ ಹಿಂದೆ ಬಿಟ್ಟು ಬಂದಿದ್ದಳು. ಈಗ ಅದನ್ನೇ ಸೇವಂತಿಗೆ ಕೊಡುವುದೆ? ನಾಳೆ ಹುಡುಗಿಯನ್ನು ನೋಡಲು ಬಂದವರು ಚಾಳಿನಲ್ಲಿ ವಿಚಾರಿಸಿದರೆ ಯಾರಾದರೂ ಹೇಳದೆ ಬಿಡುತ್ತಾರೆಯೆ? ಇನ್ನು, ರೋಗಿಗಳ ಕೈಹಿಡಿದು ಒಳಗೆ ಬಿಡುವ ಆಯಾ ತಾನೇ ರೋಗಿ ಎಂದು ತಿಳಿದರೆ ಕೆಲಸದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಇವೆಲ್ಲದರ ಕೆಳಗೆ ಇನ್ನೊಂದಿತ್ತು. ಬಂದವರಿಗೆ ಇರುವುದು ರೋಗ, ತನಗಿರುವುದು ಸೋಮಾರಿತನ, ಕೆಟ್ಟತನ. ಡಾಕ್ಟರ್ ಬಾಯಿ ಪರೀಕ್ಷೆ ಮಾಡಿ, ನಿನಗೇನೂ ಇಲ್ಲ, ನೀನಿರುವುದೇ ಹೀಗೆ ಎಂದುಬಿಟ್ಟರೆ ಆಮೇಲೆ ಹೋಗುವುದೆಲ್ಲಿಗೆ?

೧೯೭೨ರ ಬೇಸಿಗೆಯಲ್ಲಿ ಕಣ್ಣಿನ ಬೆಂಚಿನ ಮೇಲೆ ಹೊಸ ಮನುಷ್ಯನೊಬ್ಬ ಕಾಣಿಸಿಕೊಂಡ. ಮೂವತ್ತೈದರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಪ್ರತಿ ಬುಧವಾರ ಹನ್ನೊಂದರ ಹೊತ್ತಿಗೆ ಬಂದು ಕೂಡುತ್ತಿದ್ದ, ಒಂದು ಗಂಟೆಯಾದ ಮೇಲೆ ಎದ್ದು ಹೋಗುತ್ತಿದ್ದ. ಕೇಸ್ ಪೇಪರ್ ಮಾಡಿಸುತ್ತಿರಲಿಲ್ಲ. ಐದನೇ ಬುಧವಾರ ಅವನು ಬಾಯೊಳಗೇ ಏನೋ ಗೊಣಗಿದ್ದು ಕನ್ನಡವೆಂದು ಹಾಲವ್ವನ ಕಿವಿಗೆ ಬಿತ್ತು.

"ಯಾವ ಊರಿನವರ್ರಿ ಸಾಹೇಬ್ರ?" ಎಂದಳು.

ಅವನು ಬೆಚ್ಚಿದ. "ಧಾರವಾಡದವ್ರಿ. ಕಣ್ಣು ತೋರಿಸಾಕ ಬಂದೇನಿ."

"ಆಗ್ಲಿ ತಗೋರಿ. ಕುಂಡ್ರ್ರಿ. ನೀರು ಬೇಕಾದ್ರ ಅಲ್ಲಿ ಮಡಕ್ಯಾಗ ಐತಿ."

ಅವಳು ಮುಂದೇನೂ ಕೇಳಲಿಲ್ಲ. ಅದಕ್ಕೇ ಇರಬೇಕು, ಮುಂದಿನ ವಾರಗಳಲ್ಲಿ ಅವನೇ ಸ್ವಲ್ಪ ಸ್ವಲ್ಪವಾಗಿ ಹೇಳಿದ. ಹೆಸರು ಗುರಲಿಂಗಪ್ಪ. ಗೋರೆಗಾಂವಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಎರಡು ವರ್ಷದಿಂದ ಕುಳಿತಲ್ಲಿ ನಿಂತಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಗಂಟಲು ಕಟ್ಟುತ್ತದೆ, ಈ ಗಳಿಗೆಯಲ್ಲೇ ಸಾಯುತ್ತೇನೆ ಅನ್ನಿಸುತ್ತದೆ. ಹೃದಯದ ಡಾಕ್ಟರು ಹೃದಯ ಗಟ್ಟಿ ಇದೆ ಎಂದಿದ್ದರು. ಲೋಕಲ್ಲಿನಲ್ಲಿ ಇದು ಎಲ್ಲಕ್ಕಿಂತ ಹೆಚ್ಚು.

"ಮತ್ತ ಇಲ್ಲಿಗೆ ಹೆಂಗ ಬರ್ತೀರಿ?" ಎಂದು ಹಾಲವ್ವ ಕೇಳಿದಳು.

"ಒಂದೊಂದು ಸ್ಟೇಷನ್‌ಗೂ ಇಳೀತೀನ್ರಿ. ಜೋಗೇಶ್ವರಿಗೆ ಇಳೀತೀನಿ, ಬೆಂಚಿನ ಮ್ಯಾಲೆ ಕೂಡ್ತೀನಿ, ಎದಿ ಸಮಾಧಾನ ಆದ ಮ್ಯಾಲೆ ಮುಂದಿನ ಗಾಡಿ ಹತ್ತತೀನಿ. ಅಂಧೇರಿಗೆ ಇಳೀತೀನಿ. ದಾದರಿನಾಗ ಗಾಡಿ ಬದಲಿಸ್ತೀನಿ. ಮೂರು ತಾಸು ಹಿಡೀತದ."

ಹಾಲವ್ವ ಅವನ ಮುಖವನ್ನೇ ನೋಡಿದಳು. ಪ್ರತಿ ಸ್ಟೇಷನ್ನಿನಲ್ಲೂ ಒಮ್ಮೆ ಸತ್ತು, ಮತ್ತೆ ಗಾಡಿ ಹತ್ತಿ, ಮುಂದಿನ ಸ್ಟೇಷನ್ನಿಗೆ ಸಾಯಲು ಹೊರಡುವ ಮನುಷ್ಯ. ಎಷ್ಟೋ ವಾರದಿಂದ ಹಾಗೆ ಬಂದಿದ್ದಾನೆ. ಅಷ್ಟು ದೂರ ಬಂದವನಿಗೆ ಕೊನೆಯ ಹದಿಮೂರು ಹೆಜ್ಜೆ ಆಗುತ್ತಿಲ್ಲ.

"ಇಷ್ಟು ದೂರ ಬಂದೀರಿ, ಒಳಗ ಹೋಗಿಬಿಡ್ರಲ್ಲ. ಡಾಕ್ಟರ್ ಬಾಯಿ ಬಾಳ ಚೊಲೋ ಅದಾರು."

"ಆಫೀಸಿನಾಗ ತಿಳದ್ರ ಮುಗೀತ್ರಿ. ತಂಗಿ ಲಗ್ನ ಆಗಬೇಕು. ತಲಿ ಸಟಕ್ ಆದವನ ತಂಗಿ ಅಂತಾರ." ಅವನು ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೇಳಿದ. "ಅಕ್ಕಾರ, ಸಿಟ್ಟಿಗೆ ಬರಬ್ಯಾಡ್ರಿ. ನೀವು ಇಲ್ಲೇ ಕೆಲಸ ಮಾಡ್ತೀರಿ, ಎಲ್ಲಾ ನೋಡೀರಿ. ನಿಮಗ ಹಿಂಗ ಆಗಿದ್ರ ನೀವು ಒಳಗ ಹೋಗ್ತಿದ್ರೇನ್ರಿ?"

ಹೌದು ಎನ್ನುವುದು ಎಷ್ಟು ಸುಲಭ. ದಿನಕ್ಕೆ ಹತ್ತು ಜನರಿಗೆ ಧೈರ್ಯ ಹೇಳುವ ಬಾಯಿ ಅದು. ಆದರೆ ಮೂರು ಗಂಟೆ ಸಾಯುತ್ತ ಬಂದವನ ಮುಂದೆ ಆ ಸುಳ್ಳು ಹಾಲವ್ವನ ನಾಲಿಗೆಯ ಮೇಲೆ ಬರಲಿಲ್ಲ. ಅವಳು ತಿರುಗಿ ಬಾಗಿಲಿಗೆ ಹೋಗಿ ನಿಂತಳು.

ಮುಂದಿನ ಬುಧವಾರ ಅವಳು ಅರ್ಧ ದಿನದ ರಜೆ ಬರೆದುಕೊಟ್ಟಳು. ಮನೆಯ ಸೀರೆಯನ್ನು ಚೀಲದಲ್ಲಿ ತಂದಿದ್ದಳು. ಬದಲಿಸಲು ಹೋದವಳು ಯೋಚಿಸಿ ಬಿಟ್ಟಳು. ಬಣ್ಣದ ಸೀರೆಯಲ್ಲಿ ಕುಳಿತರೆ ಯಾರೋ ರೋಗಿಯ ಜೊತೆ ಬಂದವಳು ಎಂದುಕೊಳ್ಳುತ್ತಾರೆ. ಮತ್ತೆ ಅದೇ ಮುಚ್ಚುಮರೆ. ಬಿಳಿ ಸೀರೆಯಲ್ಲೇ ಕೆಳಗಿಳಿದು ಕೇಸ್ ಪೇಪರಿನ ಸಾಲಿನಲ್ಲಿ ನಿಂತಳು.

ಕಿಟಕಿಯ ಹಿಂದೆ ಬೆಳಗಾವಿಯ ಬಸವಂತಪ್ಪ ಕುಳಿತಿದ್ದರು. ತಲೆ ಎತ್ತದೆ ಕೇಳಿದರು. "ಯಾರ ಹೆಸರಿಲೆ, ಹಾಲವ್ವ? ಯಾರನ್ನ ಕರ್ಕೊಂಡು ಬಂದಿ?"

"ನಂದ ಹೆಸರು ಬರೀರಿ."

"ಯಾವ ವಿಭಾಗ?"

ಹಿಂದೆ ಮೂವತ್ತು ಜನ. ಒಂದು ಗಳಿಗೆ ಅವಳ ಬಾಯಿಗೆ ಹೊಟ್ಟೆ ನೋವು ಎಂಬ ಮಾತು ಬಂದಿತ್ತು. ನುಂಗಿದಳು. "ನಾ ನಿಲ್ಲೂ ವಿಭಾಗರಿ. ಮನಸಿನ ವಿಭಾಗ."

ಬಸವಂತಪ್ಪನವರ ಪೆನ್ನು ನಿಂತಿತು. ಅವಳನ್ನು ನೋಡಿದರು. ಆಮೇಲೆ ಏನೂ ಕೇಳದೆ ಬರೆದರು. ಹೆಸರು, ವಯಸ್ಸು ಮೂವತ್ತನಾಲ್ಕು, ವಿಳಾಸ. ಕಾಗದವನ್ನು ಒಂದು ಕೈಯಲ್ಲಿ ಎಸೆದು ಕೊಡುವುದು ಅವರ ರೂಢಿ. ಅಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಮೇಲೆ ಬಂದಳು. ಕಣ್ಣಿನ ಬೆಂಚನ್ನು ದಾಟಿದಳು. ಗುರಲಿಂಗಪ್ಪ ಅಲ್ಲಿದ್ದ, ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದ. ದಿನಕ್ಕೆ ನೂರು ಸಲ ಓಡಾಡುವ ಓಣಿ ಅದು. ಅಂದು ಅದರ ನೆಲವೇ ಬೇರೆಯಾಗಿತ್ತು. ಚರ್ಮದ ವಿಭಾಗದ ಆಯಾ, ಕಣ್ಣಿನ ವಿಭಾಗದ ವಾರ್ಡ್‌ಬಾಯ್, ನೀರಿನ ಮಡಕೆಯ ಹತ್ತಿರ ನಿಂತವರು, ಎಲ್ಲರ ಕಣ್ಣೂ ಬೆನ್ನಿಗೆ ಅಂಟಿಕೊಂಡಂತೆ ಭಾರವಾಯಿತು. ಇಷ್ಟು ವರ್ಷ ಎಷ್ಟು ಜನರನ್ನು ತಾನು ಭುಜ ಮುಟ್ಟಿ "ಬರ್ರಿ" ಎಂದು ಕರೆದಿದ್ದೆ, ಅವರು ಎದ್ದು ಬಂದಿದ್ದರಲ್ಲ, ಇದರ ಮೇಲೆ ನಡೆದು ಬಂದಿದ್ದರಲ್ಲ ಎಂದು ಅವಳಿಗೆ ದಿಗಿಲೂ ಬೆರಗೂ ಒಟ್ಟಿಗೇ ಆಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದ ಆ ಹುಡುಗಿಯರು, ಸುಳ್ಳು ಹೆಸರಿನ ಆ ಗಂಡಸರು, ಅವರನ್ನು ಅಂಜುಬುರುಕರು ಎಂದುಕೊಂಡಿದ್ದಳು. ಅವರಷ್ಟು ಗಟ್ಟಿ ಮಂದಿಯನ್ನು ಅವಳು ಈ ಊರಲ್ಲಿ ಕಂಡಿರಲಿಲ್ಲ.

ಖಾಲಿ ಬೆಂಚಿನ ನಡುವೆ ಹೋಗಿ ಕುಳಿತಳು. ಓಣಿಯ ಆ ತುದಿಯಲ್ಲಿ ಗುರಲಿಂಗಪ್ಪ ಎದ್ದ. ಬರುತ್ತಾನೆ ಎಂದುಕೊಂಡಳು. ಅವನು ಮೆಟ್ಟಿಲಿಳಿದು ಹೊರಟೇ ಹೋದ.

ಬಾಗಿಲಿಗೆ ಅಂದು ಆಯಾ ಇರಲಿಲ್ಲವಾದ್ದರಿಂದ ಉಡುಪಿ ಕಡೆಯ ಸಿಸ್ಟರ್ ಶೀಲಾವತಿಯೇ ಹೊರಗೆ ಬಂದರು. "ಎಂತ ಮಾರಾಯ್ತಿ, ಇಲ್ಲಿ ಕೂತು ಎಂತ ಮಾಡುದು? ಒಳಗೆ ಬಾ, ರೋಗಿಗಳನ್ನು ಬಿಡ್ಲಿಕ್ಕೆ ಯಾರೂ ಇಲ್ಲ."

ಹಾಲವ್ವ ಕೇಸ್ ಪೇಪರ್ ಚಾಚಿದಳು. ಶೀಲಾವತಿ ಹೆಸರು ಓದಿದರು. ಮತ್ತೊಮ್ಮೆ ಓದಿದರು. ಹಾಲವ್ವ ಬೇರೆಯವರಿಗೆ ಮಾಡುತ್ತಿದ್ದ ಹಾಗೆಯೇ ಬಗ್ಗಿ ಅವಳ ಭುಜ ಮುಟ್ಟಿದರು. "ಬಾ" ಎಂದರು.

ಒಳಗೆ ಡಾಕ್ಟರ್ ಬಾಯಿ ರೋಗಿ ಎಲ್ಲಿ ಎಂದು ಬಾಗಿಲ ಕಡೆ ನೋಡಿದರು. ಹಾಲವ್ವ ಸ್ಟೂಲಿನ ಮೇಲೆ ಕುಳಿತಾಗ ಅರ್ಥವಾಗಿ, ಮೊದಲ ಪ್ರಶ್ನೆಗೆ ಬಾಯಿ ತೆರೆದರು.

"ನೀವು ಕೇಳೂದು ಬ್ಯಾಡ್ರಿ ಬಾಯಿ" ಎಂದಳು ಹಾಲವ್ವ, ಹಿಂದಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಜಾರುತ್ತ. "ಎಲ್ಲಾ ನನಗ ಬಾಯಿಪಾಠ ಐತಿ. ನಾಕಕ್ಕ ಎಚ್ಚರ ಆಗೂದು, ಹೌದು. ರುಚಿ ಇಲ್ಲದ್ದು, ಹೌದು. ಮಗಳು, ಹೌದು. ಸತ್ತರ ಚೊಲೋ ಅನಸೂದು, ಅದೂ ಹೌದು. ಮೂರು ವರ್ಷ ಆತು."

ಡಾಕ್ಟರ್ ಬಾಯಿಗೆ ಕನ್ನಡದ ಅರ್ಧ ಮಾತು ತಿಳಿಯದಿದ್ದರೂ ಎಲ್ಲ ತಿಳಿದಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತೀನ್ ಸಾಲ್ ತು ಮೇರೆ ಬಾಜೂ ಮೇ ಖಡೀ ಥೀ, ಹಾಲವ್ವ" ಎಂದರು. ಮೂರು ವರ್ಷ ನನ್ನ ಮಗ್ಗುಲಲ್ಲೇ ನಿಂತಿದ್ದೆ. "ಔರ್ ಮೈನೆ ದೇಖಾ ನಹೀ." ನಾನೇ ನೋಡಲಿಲ್ಲ. ಆಮೇಲೆ ಅವಳ ಕೈಹಿಡಿದು, ನಿನ್ನ ಗುಣ ಕೆಟ್ಟದ್ದಲ್ಲ, ಇದು ರೋಗ, ನೀನೇ ಎಷ್ಟು ಜನರಿಗೆ ಹೇಳಿದ್ದೀ ಎಂದರು. ಹಾಲವ್ವ ಆ ಮಾತನ್ನು ಮೊದಲ ಸಲ ಕೇಳಿದವಳ ಹಾಗೆ ಕೇಳಿದಳು.

ಸಂಜೆ ಗುಳಿಗೆಯ ಪೊಟ್ಟಣವನ್ನು ಮರೆಪ್ಪನ ಮುಂದಿಟ್ಟಳು. ಎಲ್ಲವನ್ನೂ ಹೇಳಿದಳು. ಅವನು ಪೊಟ್ಟಣವನ್ನು ಕೈಗೆತ್ತಿಕೊಂಡ.

"ದಿನಾ ನಾಕಕ್ಕ ನೀ ಎಚ್ಚರ ಆಗಿ ಕುಂಡ್ರೂದು ನನಗ ಗೊತ್ತಿತ್ತು" ಎಂದ. "ನಾನೂ ಎಚ್ಚರ ಇರ್ತಿದ್ದೆ."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಏನಂತಿ ಅಂತ ಅಂಜಿಕಿ ಬಂತು. ನಾನ ಏನೋ ತಪ್ಪು ಮಾಡೇನಿ ಅನ್ಕೊಂಡಿದ್ದೆ." ಪೊಟ್ಟಣವನ್ನು ತಿರುಗಿಸಿ ನೋಡಿ ಕೇಳಿದ. "ಉಂಡ ಮ್ಯಾಲೆ ತಗೊಳ್ಳೂದೋ, ಉಣ್ಣೂಕಿಂತ ಮೊದಲೋ?"

ಮೊದಲ ಎರಡು ವಾರ ಗುಳಿಗೆಯಿಂದ ಬಾಯಿ ಒಣಗಿತು, ತಲೆ ತಿರುಗಿತು, ಬೇರೆ ಏನೂ ಆಗಲಿಲ್ಲ. ಬಿಟ್ಟುಬಿಡಬೇಕು ಅನ್ನಿಸಿತು. ಎಷ್ಟೋ ಜನ ಇಲ್ಲೇ ಬಿಟ್ಟು ಹೋಗುವುದನ್ನು ಕಂಡವಳಾದ್ದರಿಂದ ಬಿಡಲಿಲ್ಲ. ನಾಲ್ಕನೇ ವಾರ ಒಂದು ದಿನ ಮರೆಪ್ಪ ಮಾರ್ಕೆಟ್ಟಿನಿಂದ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಖೋಲಿಯ ತುಂಬ ಮೆಂತ್ಯ ಸೊಪ್ಪಿನ ವಾಸನೆ. ಹಾಲವ್ವ ಒಲೆಯ ಮುಂದಿನಿಂದ ಎದ್ದು ಹೋಗಿ ಆ ಅಂಗಿಯನ್ನು ಮೂಗಿಗೆ ಹಿಡಿದಳು. ಮೂರು ವರ್ಷ ಅವನು ದಿನಾ ಈ ವಾಸನೆಯನ್ನು ಹೊತ್ತು ಬಂದಿದ್ದ, ಅವಳಿಗೆ ಬಂದಿರಲಿಲ್ಲ. ಸೇವಂತಿ ಓದುವ ಪುಸ್ತಕ ಕೆಳಗಿಟ್ಟು, "ಅವ್ವಾ, ಕಾಯ್ ಝಾಲಂ?" ಎಂದಳು. ಏನೂ ಆಗಿಲ್ಲ ಎಂದು ಹಾಲವ್ವ ಅವಳನ್ನು ಹತ್ತಿರ ಎಳೆದುಕೊಂಡಳು. ತನ್ನ ಮಗಳೇ ಅದು. ಜಗತ್ತು ಇದ್ದಲ್ಲೇ ಇತ್ತು, ಇಷ್ಟು ದೊಡ್ಡದಾಗಿ ಇತ್ತು.

ಬೆಲೆ ತೆರಬೇಕಾಗಲಿಲ್ಲ ಎಂದಲ್ಲ. ಹೆರಿಗೆ ವಾರ್ಡಿನ ಗೆಳತಿಯರು ಅವಳ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ಅವಳನ್ನು ಬಟ್ಟೆ ಒಗೆಯುವ ಕಡೆ ಹಾಕಿ ಎಂದು ಯಾರೋ ಅರ್ಜಿ ಬರೆದರು, ಡಾಕ್ಟರ್ ಬಾಯಿ ಅದನ್ನು ತಡೆದರು. ಮುಂದೆ ಸೇವಂತಿ ದೊಡ್ಡವಳಾದಾಗ ಅವಳಿಗೆ ಬಂದ ಮೊದಲ ಸಂಬಂಧ ಇದೇ ಕಾರಣಕ್ಕೆ ಮುರಿಯಿತು. ಹಾಲವ್ವ ಎರಡು ದಿನ ಅತ್ತಳು. ಎರಡನೆಯ ಸಂಬಂಧದವರಿಗೆ ಸೇವಂತಿ ತಾನೇ ಮೊದಲು ಹೇಳಿದಳು. ಆ ಹುಡುಗ ಸ್ವಲ್ಪ ಯೋಚಿಸಿ, ತನ್ನ ಸೋದರಮಾವನಿಗೂ ಹೀಗೇ ಇದೆ, ಯಾರಿಗೂ ತೋರಿಸಿಲ್ಲ, ನಿಮ್ಮ ತಾಯಿ ಕರೆದುಕೊಂಡು ಹೋಗುತ್ತಾರೆಯೇ ಎಂದು ಕೇಳಿದ. ಮದುವೆ ಆಯಿತು.

ಹಾಲವ್ವ ಕೇಸ್ ಪೇಪರ್ ಮಾಡಿಸಿದ ಆ ಬುಧವಾರದ ನಂತರ ಗುರಲಿಂಗಪ್ಪ ಒಂಬತ್ತು ವಾರ ಪತ್ತೆಯೇ ಇರಲಿಲ್ಲ. ತನ್ನನ್ನು ನೋಡಿ ಅಂಜಿ ಓಡಿದ ಎಂದು ಹಾಲವ್ವ ನೊಂದುಕೊಂಡಿದ್ದಳು. ಹತ್ತನೇ ಬುಧವಾರ ಅವನು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಕೇಸ್ ಪೇಪರ್, ಅದರ ಮೇಲೆ ಅವನದೇ ಹೆಸರು. ಕಣ್ಣಿನ ಬೆಂಚಿನ ಹತ್ತಿರ ನಿಲ್ಲಲಿಲ್ಲ. ಮುಖ ಸುಣ್ಣದಂತಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಹಾಲವ್ವ ಎದುರು ಹೋಗಲಿಲ್ಲ. ನಡೆಯುವವನನ್ನು ನೋಡುತ್ತ ಬಾಗಿಲಲ್ಲೇ ನಿಂತಳು, ದೊಡ್ಡವರು ಬಂದಾಗ ನಿಲ್ಲುವ ಹಾಗೆ.

"ಅವತ್ತು ನಾ ಓಡಿಹೋದೆರಿ, ಅಕ್ಕಾರ" ಎಂದ ಅವನು.

"ಇವತ್ತು ಬಂದ್ರೆಲ್ಲ" ಎಂದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮುಂಬಯಿಯ ಕನ್ನಡ ಮಂದಿಯಲ್ಲಿ ಹಾಲವ್ವನ ಹೆಸರು ಬಾಯಿಂದ ಬಾಯಿಗೆ ಹೋಗಿತ್ತು. ಗುಟ್ಟಾಗಿಯೇ ಹೋಗಿತ್ತು. ಭಾನುವಾರಗಳಂದು ಅವಳು ಕರೆದಲ್ಲಿಗೆ ಹೋಗುತ್ತಿದ್ದಳು. ಕಾಂದಿವಲಿಯ ಕಾಶವ್ವ ಎಂಬಾಕೆ ಒಮ್ಮೆ ಬಂದು, ತನ್ನ ಗಂಡ ಬಂಡೆಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಲೇಥ್ ಕೆಲಸ ಬಿಟ್ಟು ನಲವತ್ತು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಆಸ್ಪತ್ರೆ ಎಂದರೆ ನನಗೇನು ಹುಚ್ಚೇ ಎಂದು ಹರಿಹಾಯುತ್ತಾನೆ ಎಂದಳು. ಹಾಲವ್ವ ಹೋಗಿ ಬಂಡೆಪ್ಪನ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಧೈರ್ಯ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ತನ್ನ ಹೆಸರು ಹೇಳಿದಳು, ತನಗೆ ಏನಾಗಿತ್ತು, ಎಷ್ಟು ವರ್ಷ ಮುಚ್ಚಿಟ್ಟಿದ್ದೆ, ಯಾರಿಗೆ ಅಂಜಿದ್ದೆ ಎಂದು ಹೇಳಿದಳು. ಬಂಡೆಪ್ಪ ಗೋಡೆಯ ಕಡೆ ತಿರುಗಿದವನು ತಿರುಗಿಯೇ ಇದ್ದ. ಅವಳು ಏಳುವ ಹೊತ್ತಿಗೆ ಮಾತ್ರ, "ನಿಮಗೂ ಉಣ್ಣಾಕ ಆಗ್ತಿರಲಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದ. ಅವಳು ಮತ್ತೆ ಕುಳಿತಳು.

ತಿರುಗಿ ಬರುವಾಗ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲವ್ವ ಕಂಬ ಹಿಡಿದು ನಿಂತು ಒಬ್ಬೊಬ್ಬರ ಮುಖ ನೋಡಿದಳು. ಒಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು, ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು, ಒಬ್ಬಳು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಇವರಲ್ಲಿ ಯಾರು ಏನನ್ನು ಹೊತ್ತು ನಿಂತಿದ್ದಾರೋ, ಹೊತ್ತುಕೊಂಡೇ ನಾಳೆ ಬೆಳಿಗ್ಗೆ ಎದ್ದು ನೀರು ತುಂಬುತ್ತಾರಲ್ಲ, ಗಾಡಿ ಹತ್ತುತ್ತಾರಲ್ಲ ಎಂದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸು ಜೋಲಿ ಹೊಡೆದಾಗ ಹಾಲವ್ವ ಕಂಬದ ಮೇಲಿನ ತನ್ನ ಕೈಯನ್ನು ಸ್ವಲ್ಪ ಕೆಳಗೆ ಸರಿಸಿ ಅವಳಿಗೆ ಹಿಡಿಯಲು ಜಾಗ ಮಾಡಿಕೊಟ್ಟಳು. ದಾದರ್ ಬರುವವರೆಗೆ ಇಬ್ಬರೂ ಹಾಗೆಯೇ ನಿಂತರು.